ಪ್ರದರ್ಶನಕ್ಕೆ ಲೆಗೋ ಮಾದರಿ ಕೊಡುವ ಮುಂಚೆ ‘ಗಮ್ ಹಾಕಬಾರದು’ ಅಂತ ಬರೆಸಿಕೊಳ್ಳಿ

ಲೆಗೋ ಇಟ್ಟಿಗೆಯಲ್ಲಿ (ಒಂದರ ಮೇಲೊಂದು ಒತ್ತಿ ಕೂರಿಸುವ ಪ್ಲಾಸ್ಟಿಕ್ ಆಟಿಕೆ ತುಂಡು) ಸ್ವಂತ ಮಾದರಿ ಕಟ್ಟುವವರು ಅದನ್ನು ಯಾವುದಾದರೂ ಪ್ರದರ್ಶನಕ್ಕೋ ಮಾಲಿಗೋ ಶಾಲೆಯ ವಾರ್ಷಿಕೋತ್ಸವಕ್ಕೋ ಕೊಡುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಮೂರು ವರ್ಷದ ಕೆಲಸ, ಒಂದು ಹಂಚಿನ ಕಾರ್ಖಾನೆಯ ಮಾದರಿ, ಈ ಬೇಸಿಗೆಯಲ್ಲಿ ಮಂಗಳೂರಿನ ಒಂದು ಪ್ರದರ್ಶನದಿಂದ ವಾಪಸ್ ಬಂತು. ನೋಡಲಿಕ್ಕೆ ಹೋದ ಹಾಗೆಯೇ ಇತ್ತು, ಒಂದು ಹಂಚೂ ಬಿದ್ದಿರಲಿಲ್ಲ. ಆದರೆ ಹೊರಗೆ ಕಾಣುವ ತುಂಡುಗಳಿಗೆಲ್ಲ ಗಮ್ ಹಾಕಿ ಅಂಟಿಸಿಬಿಟ್ಟಿದ್ದರು.

‘ಗಮ್ ಹಾಕಿದರೆ ಎಂತ ಆಯ್ತು, ಗಟ್ಟಿಯಾಯ್ತಲ್ಲ’ ಅಂತ ಇಷ್ಟರೊಳಗೆ ಹತ್ತು ಜನ ನನ್ನ ಹತ್ತಿರ ಕೇಳಿದ್ದಾರೆ. ಕೇಳಿದವರಲ್ಲಿ ನನ್ನ ಚಿಕ್ಕಪ್ಪನೂ ಇದ್ದಾರೆ. ಹಾಗಾಗಿ ಏನು ಕಳೆದುಹೋಯಿತು ಅನ್ನುವುದನ್ನು ಮೊದಲು ಹೇಳುತ್ತೇನೆ.

ನಾನು ಕಟ್ಟಿದ್ದು ಹಳೆಯ ಹಂಚಿನ ಕಾರ್ಖಾನೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನಲ್ಲಿ ಅಂಥ ಕಾರ್ಖಾನೆಗಳು ಸಾಲಾಗಿ ಎದ್ದವು. ನನ್ನ ಅಜ್ಜ ಅಂಥದೊಂದರಲ್ಲಿ ಆವೆಯ ಕೆಲಸಕ್ಕೆ ಇದ್ದವರು. ಬೆಂಕಿಯ ಬಣ್ಣ ನೋಡಿಯೇ ಹಂಚು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಅವರು ಕೆಲಸ ಮಾಡಿದ ಕಟ್ಟಡ ಈಗ ಇಲ್ಲ. ಅಮ್ಮ ಚಿಕ್ಕವಳಿದ್ದಾಗ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದ ನೆನಪಿನಿಂದ ಒಂದು ನಕ್ಷೆ ಬರೆಸಿಕೊಂಡೆ. ನಮ್ಮ ಮನೆಯಲ್ಲಿದ್ದ ಎರಡು ಕಪ್ಪುಬಿಳುಪು ಫೋಟೋ ಇಟ್ಟುಕೊಂಡು, ಸ್ಟುಡಿಯೋ ಅನ್ನುವ ಸಾಫ್ಟ್‌ವೇರಿನಲ್ಲಿ ಮೊದಲು ಕಂಪ್ಯೂಟರಿನ ಮೇಲೆ ಕಟ್ಟಿದೆ. ಆಮೇಲೆ ನಿಜವಾದ ಇಟ್ಟಿಗೆಯಲ್ಲಿ. 48 ಸ್ಟಡ್ (ಇಟ್ಟಿಗೆಯ ಮೇಲಿನ ಗುಂಡು ಉಬ್ಬು) ಉದ್ದ, 48 ಸ್ಟಡ್ ಅಗಲದ, ತಳಕ್ಕೆ ಹಾಕುವ ಆರು ಬೇಸ್‌ಪ್ಲೇಟ್, ಸುಮಾರು 9,400 ತುಂಡು. ಚಿಮಣಿಯೇ ಅರ್ಧ ಮೀಟರಿಗಿಂತ ಎತ್ತರ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಮಾಡು, ಅಂದರೆ ಹಂಚಿನ ಛಾವಣಿ. ಚೀಸ್ ಸ್ಲೋಪ್ ಅಂತ ಕರೆಯುವ ಸಣ್ಣ ಇಳಿಜಾರು ತುಂಡು ಉಂಟಲ್ಲ, 8 ಮಿಲಿಮೀಟರ್ ಚೌಕದ್ದು, ಹಂಚಿನ ಬದಲಿಗೆ ಅಂಥವು 2,300. ನಿಜವಾದ ಮಾಡಿನಲ್ಲಿ ಒಂದು ಸಾಲಿನ ಸಂದಿ ಮೇಲಿನ ಸಾಲಿನ ಸಂದಿಗೆ ಸರಿಯಾಗಿ ಬರಬಾರದು. ಅದಕ್ಕಾಗಿ ಸಾಲು ಬಿಟ್ಟು ಸಾಲಿಗೆ, ನಡುವೆ ಒಂದೇ ಸ್ಟಡ್ ಇರುವ ಜಂಪರ್ ಪ್ಲೇಟ್ ಹಾಕಿ ಅರ್ಧ ಸ್ಟಡ್ ಸರಿಸಿದೆ. ಕಡು ಕೆಂಪು, ಕೆಂಗಂದು ಎರಡನ್ನೂ ಬೆರೆಸಿ, ಪಾಚಿ ಹಿಡಿದ ಕಡೆ ಅಲ್ಲೊಂದು ಇಲ್ಲೊಂದು ಹಸಿರು ಇಟ್ಟೆ. ಮಾಡನ್ನು ಮುಚ್ಚಳ ಎತ್ತಿದ ಹಾಗೆ ಎತ್ತಿದರೆ ಒಳಗೆ ಹಂಚು ಒತ್ತುವ ಪ್ರೆಸ್, ಹಸಿ ಹಂಚು ಒಣಗಿಸುವ ಅಟ್ಟೆ, ಆವೆಯ ಬಾಯಿ, ಅದರ ಮುಂದೆ ನಿಂತ ಅಜ್ಜ.

ಇದನ್ನು ಯಾವತ್ತೂ ಹಾಗೆಯೇ ಇಟ್ಟುಕೊಳ್ಳುವ ಉದ್ದೇಶ ನನಗಿರಲಿಲ್ಲ. ನಮ್ಮಂಥವರು ಯಾರೂ ಹಾಗೆ ಇಟ್ಟುಕೊಳ್ಳುವುದಿಲ್ಲ. ಒಂದೆರಡು ವರ್ಷ ಇಟ್ಟು, ಫೋಟೋ ತೆಗೆದು, ಕಟ್ಟುವ ಕ್ರಮವನ್ನು ಬೇರೆಯವರ ಜೊತೆ ಹಂಚಿಕೊಂಡು, ಬಿಚ್ಚಿ, ಅದೇ ತುಂಡಿನಲ್ಲಿ ಇನ್ನೊಂದು ಕಟ್ಟುವುದು. ಈ ಹಂಚೆಲ್ಲ ಮುಂದೆ ಒಂದು ಗುತ್ತಿನ ಮನೆಯ ಮಾಡಾಗಬೇಕಿತ್ತು. ಇಟ್ಟಿಗೆಯ ಬೆಲೆ ಇರುವುದೇ ಅದು ಬಿಚ್ಚಿ ಬರುತ್ತದೆ ಅನ್ನುವುದರಲ್ಲಿ. 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದ ಆ ವಿನ್ಯಾಸದ ಇಟ್ಟಿಗೆ ಇವತ್ತಿನ ಇಟ್ಟಿಗೆಯ ಮೇಲೂ ಕೂರುತ್ತದೆ, ಎದ್ದೂ ಬರುತ್ತದೆ. ಕೂರುವುದಕ್ಕೂ ಬಿಡುವುದಕ್ಕೂ ನಡುವೆ ಇರುವ ಆ ಹಿಡಿತ ಮೈಕ್ರಾನ್ ಲೆಕ್ಕದ್ದು. ಅದರ ನಡುವೆ ಒಂದು ಪದರ ಗಮ್ ಹೋದರೆ ಮುಗಿಯಿತು.

ಇನ್ನು ನಡೆದದ್ದು. ಪ್ರದರ್ಶನದವರ ಹೆಸರು ಹೇಳುವುದಿಲ್ಲ. ಊರಿನ ಪರಂಪರೆಯ ಬಗ್ಗೆ ಹನ್ನೆರಡು ದಿನದ ಕಾರ್ಯಕ್ರಮ, ನನ್ನ ಮಾದರಿಯ ಫೋಟೋ ನೋಡಿ ಫೋನ್ ಮಾಡಿದರು. ತುಂಬ ಮರ್ಯಾದೆಯಿಂದ ಮಾತಾಡಿದರು. ಅಕ್ರಿಲಿಕ್ ಮುಚ್ಚಳ ಮಾಡಿಸುತ್ತೇವೆ, ಹತ್ತಿರ ಒಬ್ಬ ಸ್ವಯಂಸೇವಕ ನಿಂತಿರುತ್ತಾನೆ, ಯಾರೂ ಮುಟ್ಟುವುದಿಲ್ಲ ಅಂದರು. ಬಾಡಿಗೆ ಏನೂ ಬೇಡ, ಅಜ್ಜನ ಹೆಸರು ಒಂದು ಫಲಕದಲ್ಲಿ ಹಾಕಿ ಸಾಕು ಅಂದೆ. ಎಲ್ಲ ಬಾಯಿಮಾತಿನಲ್ಲಿ. ನಾನೇ ಓಮ್ನಿ ಮಾಡಿಕೊಂಡು ಹೋಗಿ, ಆರು ಭಾಗ ಜೋಡಿಸಿ ಬಂದೆ. ಮುಚ್ಚಳ ಸಂಜೆಗೆ ಬರುತ್ತದೆ ಅಂದರು. ಬರಲಿಲ್ಲ. ಒಂದು ಹಗ್ಗ ಕಟ್ಟಿದ್ದರು ಅಷ್ಟೆ. ನನಗೆ ಬ್ಯಾಂಕಿನಲ್ಲಿ ವರ್ಷಾಂತ್ಯದ ಕೆಲಸ, ನಡುವೆ ಒಂದು ದಿನ ಮಾತ್ರ ಹೋಗಲಿಕ್ಕೆ ಆಯ್ತು. ಜನ ತುಂಬಿದ್ದರು, ಹಿರಿಯರೊಬ್ಬರು ಚಿಮಣಿ ತೋರಿಸಿ ಮೊಮ್ಮಗನಿಗೆ ಏನೋ ಹೇಳುತ್ತಿದ್ದರು. ಸಂತೋಷದಿಂದ ಮನೆಗೆ ಬಂದೆ. ಅಷ್ಟರಲ್ಲಿ ಕೆಲಸ ಆಗಿಹೋಗಿತ್ತು, ನನಗೆ ಗೊತ್ತಾಗಲಿಲ್ಲ.

ವಾಪಸ್ ಬಂದ ಮೇಲೆ ಅಣ್ಣನ ಮಗಳಿಗೆ ಅಜ್ಜನನ್ನು ತೋರಿಸಲು ಮಾಡು ಎತ್ತಲು ಹೋದೆ. ಬರಲಿಲ್ಲ. ಸೆಕೆಗೆ ಬಿಗಿಯಾಗಿದೆಯೋ ಅಂದುಕೊಂಡು ಇನ್ನೊಂದು ತುದಿಯಿಂದ ಎತ್ತಿದೆ. ಇಡೀ ಕಟ್ಟಡವೇ ಬೇಸ್‌ಪ್ಲೇಟ್ ಸಮೇತ ಮೇಲೆ ಬಂತು. ಆಮೇಲೆ ಕಿಟಕಿ ನೋಡಿದೆ. ಪಾರದರ್ಶಕ ತುಂಡುಗಳ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಬಿಳಿ ಮಂಜು. ಒರೆಸಿದರೆ ಹೋಗಲಿಲ್ಲ. ಮಾಡಿನ ಅಂಚಿನಲ್ಲಿ, ಒಂದು ಹಸಿರು ಹಂಚಿನ ಕೆಳಗೆ, ಗಟ್ಟಿಯಾದ ಗಮ್ಮಿನ ಒಂದು ಹನಿ ನೇತಾಡುತ್ತಿತ್ತು. ಅದನ್ನು ಉಗುರಿನಲ್ಲಿ ಮುಟ್ಟಿದಾಗ ಕೈ ನಡುಗಿತು.

ಪ್ರದರ್ಶನದವರಿಗೆ ಫೋನ್ ಮಾಡಿದೆ. ‘ಮೇಡಂ, ಅದು ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು. ಮೊದಲ ದಿನವೇ ಮಕ್ಕಳು ನಾಲ್ಕೈದು ಹಂಚು ಕಿತ್ತರು. ಫಾರಿನ್‌ನಲ್ಲಿ ದೊಡ್ಡ ದೊಡ್ಡ ಲೆಗೋ ಗೊಂಬೆಗಳಿಗೆ ಗಮ್ ಹಾಕ್ತಾರಲ್ಲ, ನಾನು ವೀಡಿಯೊ ನೋಡಿದ್ದೇನೆ.’ ಅವರು ಹೇಳಿದ್ದು ಸುಳ್ಳಲ್ಲ. ಲೆಗೋಲ್ಯಾಂಡಿನಂಥ ಮನರಂಜನಾ ಪಾರ್ಕುಗಳಲ್ಲಿ ಮಳೆಬಿಸಿಲಿಗೆ ಇಡುವ ಮಾದರಿಗಳನ್ನು ಅಲ್ಲಿನ ಕೆಲಸಗಾರರೇ ಅಂಟಿಸಿ ಕಟ್ಟುತ್ತಾರೆ. ಅವರ ಹಿಂದೆ ಇಟ್ಟಿಗೆ ಮಾಡುವ ಕಾರ್ಖಾನೆಯೇ ಇದೆ, ಆ ಮಾದರಿ ಹುಟ್ಟುವುದೇ ಅಲ್ಲಿ ಶಾಶ್ವತವಾಗಿ ನಿಲ್ಲಲಿಕ್ಕೆ. ಇದೇ ವೀಡಿಯೊ ನಾಳೆ ನಿಮ್ಮ ಮಾದರಿ ತೆಗೆದುಕೊಂಡು ಹೋದವರೂ ನೋಡಬಹುದು ಅನ್ನುವ ಕಾರಣಕ್ಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಅಂಟಿಸಿದ್ದು ಅಲಂಕಾರದ ಕೆಲಸಕ್ಕೆ ಬಂದ ಒಬ್ಬ ಹುಡುಗ. ಅವನ ನಂಬರು ಹುಡುಕಿ ಮಾತಾಡಿದೆ. ‘ಅಕ್ಕ, ನಾನೇ ಹಾಕಿದ್ದು. ಒಂದೊಂದೇ ಹಂಚು ತೆಗೆದು, ಒಂದು ಹನಿ ಹಾಕಿ, ಅದೇ ಜಾಗದಲ್ಲಿ ಕೂರಿಸಿದ್ದೇನೆ. ಎರಡು ರಾತ್ರಿ ಕೂತಿದ್ದೇನೆ. ಬಣ್ಣ ಒಂದೂ ಆಚೀಚೆ ಆಗಿಲ್ಲ, ನೋಡಿ.’ ನನ್ನ ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ಹಸಿರು ಹಂಚುಗಳೂ ಅದೇ ಜಾಗದಲ್ಲಿದ್ದವು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವವನಿಗೆ ‘ಇದು ಬಿಚ್ಚಿ ಕಟ್ಟುವ ವಸ್ತು’ ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಖಂಡಿತ ಹಾಗೆಯೇ ಕಾಯುತ್ತಿದ್ದ. ಹೇಳಬೇಕಾದವರು ಹೇಳಲಿಲ್ಲ, ನಾನೂ ಹೇಳಿರಲಿಲ್ಲ. ನನ್ನನ್ನು ಒಂದು ಮಾತು ಕೇಳದೆ ಗಮ್ ಹಾಕಿ ಅಂತ ಹೇಳಿದವರ ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ.

ಬಿಡಿಸಲು ಮಾಡಿದ ಪ್ರಯತ್ನಗಳನ್ನೂ ಹೇಳಬೇಕು, ಯಾಕೆಂದರೆ ಗಾಬರಿಯಲ್ಲಿ ನೀವೂ ಇದನ್ನೇ ಮಾಡಲು ಹೊರಡುತ್ತೀರಿ. ಹಾಕಿದ್ದು ಅಂಗಡಿಯಲ್ಲಿ ಸಿಗುವ ಸಣ್ಣ ಟ್ಯೂಬಿನ, ಕ್ಷಣದಲ್ಲಿ ಹಿಡಿಯುವ ಗಮ್, ಸಯನೋಅಕ್ರಿಲೇಟ್. ಇದು ಗಟ್ಟಿಯಾಗುವುದೇ ಗಾಳಿಯ ತೇವದಿಂದ, ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರ ಇಲ್ಲ. ಅದರ ಆವಿ ಸುತ್ತಮುತ್ತ ಕೂತು ಬಿಳಿ ಮಂಜಾಗುತ್ತದೆ, ಕಿಟಕಿಗೆ ಆದದ್ದು ಅದು. ನೀರಿನ ಹಾಗೆ ತೆಳುವಾದ್ದರಿಂದ ಸಂದಿಯಲ್ಲಿ ತಾನೇ ಎಳೆದುಕೊಂಡು ಒಳಗೂ ಹೋಗುತ್ತದೆ. ಹಾಗಾಗಿ ಹುಡುಗ ಮುಟ್ಟದ ತುಂಡುಗಳೂ ಅಂಟಿಕೊಂಡಿದ್ದವು.

ಈ ಗಮ್ ಕರಗಿಸಲು ಅಸಿಟೋನ್ ಅಂತ ಎಲ್ಲರೂ ಹೇಳುತ್ತಾರೆ, ಉಗುರುಬಣ್ಣ ತೆಗೆಯುವ ದ್ರವದಲ್ಲಿ ಇರುವುದು ಹೆಚ್ಚಾಗಿ ಅದೇ. ದಯವಿಟ್ಟು ಮುಟ್ಟಬೇಡಿ. ಲೆಗೋ ಇಟ್ಟಿಗೆ ಎಬಿಎಸ್ ಪ್ಲಾಸ್ಟಿಕ್ಕಿನದು, ಅಸಿಟೋನ್ ಅದನ್ನೂ ಕರಗಿಸುತ್ತದೆ. ಒಂದು ಕೆಂಪು ತುಂಡಿನ ಮೇಲೆ ಹತ್ತಿಯಲ್ಲಿ ಹಚ್ಚಿ ನೋಡಿದೆ. ಹತ್ತಿ ಕೆಂಪಾಯಿತು, ತುಂಡಿನ ಹೊಳಪು ಹೋಗಿ ಬೆರಳಿಗೆ ಅಂಟತೊಡಗಿತು. ಬಿಸಿನೀರಿನ ದಾರಿಯೂ ಇಲ್ಲ, ಇಟ್ಟಿಗೆ ತೊಳೆಯಲು ಕಂಪನಿ ಹೇಳುವ ಮಿತಿಯೇ 40 ಡಿಗ್ರಿ, ಅದಕ್ಕಿಂತ ಬಿಸಿಯಾದರೆ ಆಕಾರ ಕೆಡುವ ಭಯ. ಕೊನೆಗೆ ಒಂದೊಂದು ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ, ಚಳಿಗೆ ಈ ಗಮ್ ಗಡುಸಾಗಿ ಒಡೆಯುತ್ತದೆ ಅಂತ. ಗೋಡೆಯ ದೊಡ್ಡ ಇಟ್ಟಿಗೆ ಕೆಲವು ಟಪ್ ಅಂತ ಬಿಟ್ಟವು. ಹಂಚುಗಳಲ್ಲಿ ಗಮ್ ಒಡೆಯುವ ಮುಂಚೆ ತುಂಡೇ ಒಡೆಯಿತು. ಕೆಂಗಂದು, ಕಡು ಕೆಂಪು ಬಣ್ಣದ ಹಳೆಯ ತುಂಡುಗಳು ಮೊದಲೇ ಪೆಡಸು, ಸುಮ್ಮನೆ ಬಿಚ್ಚುವಾಗಲೂ ಸೀಳುತ್ತವೆ ಅನ್ನುವುದು ಈ ಹವ್ಯಾಸದಲ್ಲಿರುವ ಎಲ್ಲರಿಗೂ ಗೊತ್ತು. ನನ್ನ ಮಾಡು ಹೆಚ್ಚುಕಡಿಮೆ ಆ ಎರಡೇ ಬಣ್ಣದ್ದು.

9,400ರಲ್ಲಿ ಮತ್ತೆ ಬಳಸಲು ಆಗುವ ಹಾಗೆ ಉಳಿದದ್ದು 3,800 ಚಿಲ್ಲರೆ. ಹೆಚ್ಚಿನವು ಒಳಗಿನವು. ಅಜ್ಜನ ಗೊಂಬೆ ಸರಿಯಾಗಿದೆ.

ದುಡ್ಡಿನ ವಿಷಯ. ‘ಆಟದ ಸಾಮಾನು, ಎಷ್ಟಾಗ್ತದೆ’ ಅಂತ 3,000 ರೂಪಾಯಿ ಕವರಿನಲ್ಲಿ ಹಾಕಿ ಕಳಿಸಿದರು. ಇಲ್ಲಿ ಸೆಟ್ ಸಿಗುತ್ತದೆ, ಬೇಕಾದ ಬಣ್ಣದ ಬಿಡಿ ತುಂಡು ಬೇಕಾದಷ್ಟು ಸಿಗುವುದಿಲ್ಲ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ ಸೆಟ್ ಬಿಚ್ಚಿ ಬಿಡಿಯಾಗಿ ಮಾರುವವರ ಬೆಲೆಯೂ ಏರಿದೆ. ಬೆಂಗಳೂರಿನ ಗೆಳೆಯರ ಜೊತೆ ಸೇರಿ ತರಿಸಿದ ಹಂಚು ನನಗೆ ಒಂದಕ್ಕೆ ಸುಮಾರು 12 ರೂಪಾಯಿ ಬಿದ್ದಿತ್ತು. ಮಾಡಿಗೆ ಮಾತ್ರ 27,000ಕ್ಕಿಂತ ಮೇಲೆ. ಕವರು ವಾಪಸ್ ಕಳಿಸಿದೆ. ವಕೀಲರಾಗಿರುವ ಭಾವನ ಹತ್ತಿರ ಕೇಳಿದೆ. 1872ರ ಒಪ್ಪಂದ ಕಾಯ್ದೆಯ 151ನೇ ಕಲಮಿನ ಪ್ರಕಾರ, ಇನ್ನೊಬ್ಬರ ವಸ್ತು ಇಟ್ಟುಕೊಂಡವರು ತಮ್ಮ ಸ್ವಂತದ್ದನ್ನು ಸಾಮಾನ್ಯ ವಿವೇಕ ಇರುವವರು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕು ಅಂದರು. ‘ಆದರೆ ಏನು ಕೊಟ್ಟೆ, ಹೇಗಿತ್ತು, ಏನು ಮಾಡಬಾರದು ಅಂತ ಹೇಳಿದ್ದೆ, ಇದಕ್ಕೆ ಒಂದು ಚೀಟಿಯಾದರೂ ಉಂಟಾ ನಿನ್ನ ಹತ್ತಿರ?’ ಅಂತಲೂ ಕೇಳಿದರು. ಇರಲಿಲ್ಲ.

ಈಗ ನನ್ನ ಹತ್ತಿರ ಒಂದು ಪುಟದ ಕಾಗದ ಇದೆ, ಭಾವನೇ ಕೂತು ಬರೆದುಕೊಟ್ಟದ್ದು. ಮಾದರಿ ಯಾರದ್ದು, ಎಷ್ಟು ಭಾಗ, ಎಷ್ಟು ತುಂಡು ಅನ್ನುವುದು ಮೊದಲ ಸಾಲು. ಗಮ್, ಸೆಲ್ಲೋ ಟೇಪ್, ಎರಡು ಮುಖದ ಟೇಪ್, ಮೊಳೆ, ಬಣ್ಣ, ವಾರ್ನಿಷ್ ಯಾವುದನ್ನೂ ಯಾವ ಕಾರಣಕ್ಕೂ ಹಾಕಬಾರದು ಅನ್ನುವುದನ್ನು ಒಂದೊಂದರ ಹೆಸರು ಹಿಡಿದೇ ಬರೆದಿದ್ದೇವೆ. ‘ಹಾನಿ ಮಾಡಬಾರದು’ ಅಂತ ಬರೆದರೆ ಸಾಲದು, ಗಮ್ ಹಾಕುವುದು ಹಾನಿ ಅಂತ ಅವರಿಗೆ ಅನಿಸುವುದೇ ಇಲ್ಲ. ಮುಚ್ಚಳ ಬರುವ ತನಕ ಮಾದರಿ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ತುಂಡು ಬಿದ್ದರೆ ಒಂದು ಡಬ್ಬಿಯಲ್ಲಿ ಹಾಕಿಟ್ಟು ನನಗೆ ಫೋನ್ ಮಾಡಬೇಕು, ತಾವೇ ಕೂರಿಸಬಾರದು. ಜೋಡಿಸುವಾಗಲೂ ಬಿಚ್ಚುವಾಗಲೂ ನಾನು ಇರಬೇಕು. ಬೆಲೆಗೆ ಆಧಾರವಾಗಿ ತುಂಡುಗಳ ಪಟ್ಟಿ ಲಗತ್ತಿಸುತ್ತೇನೆ. ಸ್ಟುಡಿಯೋದಲ್ಲಿ ಕಟ್ಟಿದ ಫೈಲ್ ಇದ್ದರೆ ಪಟ್ಟಿ ತಾನೇ ಬರುತ್ತದೆ. ಲೆಗೋ ತುಂಡು ಮಾರುವ ಜಾಲತಾಣ ಬ್ರಿಕ್‌ಲಿಂಕ್‌ನಲ್ಲಿ ಹಿಂದಿನ ಆರು ತಿಂಗಳಲ್ಲಿ ಪ್ರತಿ ತುಂಡು ಎಷ್ಟಕ್ಕೆ ಮಾರಾಟವಾಗಿದೆ ಅಂತ ಸಿಗುತ್ತದೆ, ಅದನ್ನು ಪ್ರಿಂಟ್ ತೆಗೆದು ಅದರ ಮೇಲೂ ಸಹಿ ಹಾಕಿಸಿಕೊಳ್ಳಿ. ಕೊಡುವ ದಿನ ಎಲ್ಲ ಕಡೆಯಿಂದ, ಮಾಡು ಎತ್ತಿ ಒಳಗೂ ತೋರಿಸಿ ಒಂದು ವೀಡಿಯೊ ಮಾಡಿ.

ಇದನ್ನೆಲ್ಲ ಕೇಳಿದರೆ ‘ನಂಬಿಕೆ ಇಲ್ವಾ ಮಾರಾಯ್ರೆ’ ಅನ್ನುತ್ತಾರೆ. ಮೊನ್ನೆ ಉಡುಪಿಯಿಂದ ಫೋನ್ ಮಾಡಿದವರೂ ಹಾಗೆಯೇ ಅಂದರು. ನಾನು ಹಂಚಿನ ಕಾರ್ಖಾನೆಯ ಒಂದು ಮೂಲೆಯ ಫೋಟೋ ಕಳಿಸಿದೆ, ಅರ್ಧ ಸೀಳಿದ ಹಂಚುಗಳದ್ದು. ಮರುದಿನ ಕಾಗದಕ್ಕೆ ಸಹಿ ಹಾಕಿ ಕಳಿಸಿದರು.

ಮಳೆಗಾಲ ಮುಗಿದು ಪ್ರದರ್ಶನಗಳು ಶುರುವಾಗುವ ಮುಂಚೆ ಯಾರಿಗಾದರೂ ಆ ಕಾಗದದ ಪ್ರತಿ ಬೇಕಾದರೆ ಕೇಳಿ, ಕಳಿಸುತ್ತೇನೆ. ಹೆಸರು, ತುಂಡಿನ ಲೆಕ್ಕ ಬದಲಿಸಿಕೊಂಡರೆ ಆಯಿತು. ಕಡು ಕೆಂಪು ಚೀಸ್ ಸ್ಲೋಪ್ ಯಾರ ಹತ್ತಿರವಾದರೂ ಹೆಚ್ಚಿಗೆ ಇದ್ದರೆ ತಿಳಿಸಿ, ಸರಿಯಾದ ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇನೆ. ಮಾಡು ಮತ್ತೆ ಹಾಕಬೇಕು.