ಬಾಯಿ ಹುಣ್ಣಾ, ಹರ್ಪಿಸ್ಸಾ?

ರಾತ್ರಿ ಹನ್ನೊಂದಕ್ಕೆ ಮೊಬೈಲ್ ಟಾರ್ಚ್ ಹಿಡಿದು ಕನ್ನಡಿ ಮುಂದೆ ನಿಂತಿದ್ದೀರಿ, ಅಲ್ವಾ? ಮೊದಲು ಹುಣ್ಣು ಇರುವ ಜಾಗ ನೋಡಿ.

ಕೆನ್ನೆಯ ಒಳಗೆ, ತುಟಿಯ ಒಳಮಗ್ಗುಲಲ್ಲಿ, ನಾಲಿಗೆಯ ಅಡಿಯಲ್ಲಿ ಇದ್ದರೆ ಅದು ಬಹುಮಟ್ಟಿಗೆ ಮಾಮೂಲಿ ಬಾಯಿ ಹುಣ್ಣು. ಒಂದೋ ಎರಡೋ ಗುಂಡನೆಯ ಕುಳಿ, ನಡುವೆ ಬಿಳಿ-ಹಳದಿ, ಸುತ್ತ ಕೆಂಪು ಅಂಚು. ಸಾರಿನ ಖಾರ ತಾಗಿದರೆ ಜೀವ ಹೋದ ಹಾಗಾಗುತ್ತದೆ. ಆದರೆ ಯಾರಿಗೂ ಅಂಟುವುದಿಲ್ಲ.

ಹರ್ಪಿಸ್ ಅಂದರೆ ವೈರಸ್ಸಿನಿಂದ ಏಳುವ ಗುಳ್ಳೆ; ಅದು ಹೆಚ್ಚಾಗಿ ಬರುವುದು ತುಟಿಯ ಹೊರ ಅಂಚಿಗೆ. ಗುಳ್ಳೆ ಕಾಣುವ ಮೊದಲೇ ಆ ಜಾಗ ಚುಮುಚುಮು ಅನ್ನುತ್ತದೆ. ಆಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು. ಅವು ಒಡೆದು ಹಕ್ಕಳೆ ಕಟ್ಟುತ್ತವೆ. ಮತ್ತೆ ಬಂದರೆ ಸಾಮಾನ್ಯವಾಗಿ ಅದೇ ಜಾಗಕ್ಕೆ. ಬಾಯಿಯೊಳಗೆ ಬಂದರೆ ಒಸಡಿನಲ್ಲೋ ಅಂಗುಳದಲ್ಲೋ. ಇದು ಅಂಟುತ್ತದೆ; ಗುಳ್ಳೆ ಇರುವಾಗ ಕೂಸಿಗೆ ಮುತ್ತು ಕೊಡುವುದು ಬೇಡವೇ ಬೇಡ.

ಹೆಸರು ಕೇಳಿ ಸುಮ್ನೆ ನಾಚಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಈ ಹರ್ಪಿಸ್ ತರುವ ಎಚ್‌ಎಸ್‌ವಿ-1 ವೈರಸ್ ಇದೆ. ಜಾಸ್ತಿ ಜನಕ್ಕೆ ಚಿಕ್ಕಂದಿನಲ್ಲೇ ಅಂಟಿರುತ್ತದೆ.

ಔಷಧಿಯೂ ಬೇರೆಬೇರೆ. ಅಸೈಕ್ಲೊವಿರ್ ಹರ್ಪಿಸ್‌ಗೆ, ಅದೂ ಚುಮುಚುಮು ಶುರುವಾದಾಗಲೇ ಡಾಕ್ಟರ್ ಕೇಳಿ ತಗೊಂಡರೆ ಒಳ್ಳೆಯದು. ಮಾಮೂಲಿ ಹುಣ್ಣಿಗೆ ಅದು ದಂಡ, ಉಪ್ಪುನೀರು ಮುಕ್ಕಳಿಸಿ. ಎರಡೂ ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತವೆ. ಮೂರು ವಾರವಾದರೂ ಹುಣ್ಣು ಹಾಗೇ ಇದ್ದರೆ, ಅದರಲ್ಲೂ ಗುಟ್ಕಾ, ಎಲೆಅಡಿಕೆ ಹಾಕುವವರಾದರೆ, ಹೋಲಿಸುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.