ಮನೆಯಲ್ಲಿ ಕಟ್ಟಿದ ಬ್ಲೇಡ್ ಸರ್ವರ್: ಮೂರು ವಿದ್ಯುತ್ ಜೋಡಣೆಗಳು, ಎರಡು ಬಗೆಯ ಕಂಪ್ಯೂಟರುಗಳು

ಬ್ಲೇಡ್ ಸರ್ವರಿನಲ್ಲಿ ಯಾವ ಕಂಪ್ಯೂಟರಿಗೂ ಸ್ವಂತದ ಡಬ್ಬಿ, ಅಡಾಪ್ಟರು, ಫ್ಯಾನು ಇರುವುದಿಲ್ಲ. ಬ್ಲೇಡು ಎಂದು ಕರೆಯುವ ಬರಿಯ ಬೋರ್ಡುಗಳು ಒಂದೇ ಚೌಕಟ್ಟಿನೊಳಗೆ ಸಾಲಾಗಿ ನಿಂತು ವಿದ್ಯುತ್ತು, ಗಾಳಿ, ಜಾಲಸಂಪರ್ಕ ಈ ಮೂರನ್ನೂ ಆ ಚೌಕಟ್ಟಿನಿಂದಲೇ ಪಡೆಯುತ್ತವೆ. ಕೆಟ್ಟ ಬೋರ್ಡನ್ನು ಎಳೆದು ತೆಗೆದಾಗ ಉಳಿದವು ತಮ್ಮ ಕೆಲಸವನ್ನು ಮುಂದುವರಿಸಬೇಕು. ನಾನು ಪ್ರಯೋಗಿಸಿ ನೋಡಿದ ಪ್ರತಿಯೊಂದು ಏರ್ಪಾಡನ್ನೂ ಈ ಕೊನೆಯ ಮಾತಿನಿಂದಲೇ ಅಳೆದಿದ್ದೇನೆ.

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ವಾರಕ್ಕೆರಡು ಸಂಜೆ ಬರುತ್ತಾರೆ. ಒಂದು ದೊಡ್ಡ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿ ಮಾಡಿಸುವುದು ಹೇಗೆ ಎಂಬುದನ್ನು ಅವರು ಕೈಯಾರೆ ಕಲಿಯಬೇಕೆಂಬ ಆಸೆಯಿಂದ ಈ ಕೆಲಸಕ್ಕೆ ತೊಡಗಿದೆ. ನನ್ನ ಬಳಿ ನಾಲ್ಕು ರಾಸ್ಪ್‌ಬೆರಿ ಪೈ 4 ಬೋರ್ಡುಗಳಿದ್ದವು; ಪ್ರತಿಯೊಂದೂ ಅಂಗೈಯಗಲದ ಒಂದು ಪೂರ್ಣ ಕಂಪ್ಯೂಟರು. ಅನಂತರ, ಕಚೇರಿಗಳು ಬಳಸಿ ಮಾರಿದ ಪುಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಎರಡನ್ನು ಕೊಂಡೆ.

ಹೆಚ್ಚು ಸಮಯವನ್ನೂ ಹಣವನ್ನೂ ತಿಂದದ್ದು ವಿದ್ಯುತ್ತಿನ ಜೋಡಣೆ. ಪೈ 4 ಬೋರ್ಡಿಗೆ 5.1 ವೋಲ್ಟಿನಲ್ಲಿ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕೆಂದು ತಯಾರಕರೇ ಹೇಳುತ್ತಾರೆ. ಬೋರ್ಡಿನಲ್ಲಿ ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗಿಳಿದರೆ ಅದು ಎಚ್ಚರಿಕೆ ಕೊಟ್ಟು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಮೊದಲು ಹಲವು ಪೋರ್ಟುಗಳಿರುವ ಮೊಬೈಲ್ ಚಾರ್ಜರ್ ಒಂದನ್ನು ಹಾಕಿದೆ. ಒಂದು ಬೋರ್ಡಿನ ಕೇಬಲ್ ಕಿತ್ತಾಗ ಆ ಚಾರ್ಜರು ಎಲ್ಲ ಪೋರ್ಟುಗಳಿಗೂ ಹೊಸದಾಗಿ ವಿದ್ಯುತ್ತನ್ನು ಹಂಚಲು ಹೊರಟು, ಕ್ಷಣಕಾಲ ಉಳಿದ ಮೂರನ್ನೂ ಆರಿಸಿಬಿಡುತ್ತಿತ್ತು. ಫೋನಿಗೆ ಇದರಿಂದ ಏನೂ ಆಗುವುದಿಲ್ಲ, ಕಂಪ್ಯೂಟರು ಮಾತ್ರ ಮತ್ತೆ ಮೊದಲಿನಿಂದ ಶುರುವಾಗಬೇಕು. ಒಂದೇ ವಾರದಲ್ಲಿ ಅದನ್ನು ಕೈಬಿಟ್ಟೆ.

ಎರಡನೆಯ ಪ್ರಯತ್ನದಲ್ಲಿ 5 ವೋಲ್ಟ್, 20 ಆಂಪಿಯರಿನ, ಮನೆಯ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿಗೆ ಇಳಿಸುವ ಒಂದೇ ಎಸ್‌ಎಂಪಿಎಸ್ ಬಳಸಿದೆ. ಲೆಕ್ಕದ ಪ್ರಕಾರ ಅದು ನಾಲ್ಕು ಬೋರ್ಡುಗಳಿಗೆ ಧಾರಾಳವಾಗಿ ಸಾಕು. ಆದರೆ ಮನೆಯಲ್ಲಿದ್ದ 0.75 ಚದರ ಮಿಲಿಮೀಟರಿನ ತಂತಿಯನ್ನು ಒಂದು ಮೀಟರ್ ಉದ್ದಕ್ಕೆ ಎಳೆದು, ಅದರ ತುದಿಯಲ್ಲಿ ನಾಲ್ಕನ್ನೂ ಜೋಡಿಸಿದ್ದು ತಪ್ಪಾಯಿತು. ಅಷ್ಟು ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 25 ಮಿಲಿ ಓಮ್ ಪ್ರತಿರೋಧವಿರುತ್ತದೆ. ಹೋಗುವ ಮತ್ತು ಬರುವ ಎರಡೂ ತಂತಿ ಸೇರಿದರೆ 50 ಆಗುತ್ತದೆ. ಎಸ್‌ಎಸ್‌ಡಿ (ಕಡತಗಳನ್ನು ಉಳಿಸುವ ಡ್ರೈವ್) ಸಹಿತ ನಾಲ್ಕು ಬೋರ್ಡುಗಳು ಒಟ್ಟಿಗೆ 8 ಆಂಪಿಯರ್ ಎಳೆದಾಗ ತಂತಿಯಲ್ಲೇ 0.4 ವೋಲ್ಟ್ ಕಳೆದುಹೋಗಿ, ಬೋರ್ಡಿಗೆ ತಲುಪುತ್ತಿದ್ದುದು 4.6 ಮಾತ್ರ. ಎಸ್‌ಎಂಪಿಎಸ್ಸಿನ ಬುಡದಲ್ಲಿ ಮೀಟರು ಹಿಡಿದರೆ 5 ವೋಲ್ಟ್ ಸರಿಯಾಗಿಯೇ ಕಾಣುತ್ತಿದ್ದುದರಿಂದ, ದೋಷ ಬೋರ್ಡಿನದೇ ಎಂದು ಎರಡು ದಿನ ಹುಡುಕಾಡಿದೆ. ಕೊನೆಗೆ ಪ್ರತಿ ಬೋರ್ಡಿಗೂ 2.5 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಎಳೆದು, ಎಸ್‌ಎಂಪಿಎಸ್ಸಿನ ತಿರುಪನ್ನು 5.1ಕ್ಕೆ ತಿರುಗಿಸಿದ ಮೇಲೆ ಎಚ್ಚರಿಕೆಗಳು ನಿಂತವು. ಈ ಮಾರ್ಗ ಹಿಡಿಯುವವರಿಗೆ ನನ್ನ ವಿನಂತಿ ಒಂದುಂಟು: ಪ್ರತಿ ಬೋರ್ಡಿನ ತಂತಿಗೂ ಆಟೋ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ 3 ಆಂಪಿಯರಿನ ಕಾರ್ ಫ್ಯೂಸನ್ನು ತಪ್ಪದೆ ಹಾಕಿ. 20 ಆಂಪಿಯರ್ ಕೊಡಬಲ್ಲ ಎಸ್‌ಎಂಪಿಎಸ್, ಒಂದು ತಂತಿ ಶಾರ್ಟ್ ಆದ ಮಾತ್ರಕ್ಕೆ ಕೂಡಲೇ ನಿಲ್ಲುತ್ತದೆ ಎಂದು ನಂಬುವಂತಿಲ್ಲ.

ಮೂರನೆಯದು ಈಥರ್ನೆಟ್ ಕೇಬಲಿನಲ್ಲೇ ವಿದ್ಯುತ್ತನ್ನು ಕಳಿಸುವ ಪಿಓಇ. ಇದರಲ್ಲಿ ವಿದ್ಯುತ್ತು ಹೆಚ್ಚುಕಡಿಮೆ 48 ವೋಲ್ಟಿನಲ್ಲಿ ಹರಿಯುವುದರಿಂದ, ಅಷ್ಟೇ ಶಕ್ತಿಗೆ ಬೇಕಾಗುವ ಆಂಪಿಯರು ಹತ್ತರಲ್ಲೊಂದು ಭಾಗಕ್ಕೆ ಇಳಿದು, ತಂತಿಯ ನಷ್ಟದ ಚಿಂತೆಯೇ ಉಳಿಯುವುದಿಲ್ಲ. ಪಿಓಇಯ 802.3ಎಎಫ್ ಮಾನದಂಡದ ಸ್ವಿಚ್ಚು (ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆ) ಪ್ರತಿ ಪೋರ್ಟಿಗೆ 15.4 ವ್ಯಾಟ್ ಕೊಡುತ್ತದೆ, ಉಪಕರಣಕ್ಕೆ 12.95 ವ್ಯಾಟ್ ತಲುಪುವ ಖಾತ್ರಿ ಇದೆ. ಪೈ 4 ಬೋರ್ಡಿಗೆ ಅಷ್ಟು ಸಾಕು. ಬೋರ್ಡಿನ ಮೇಲೆ ಕೂರುವ ಪುಟ್ಟ ಪಿಓಇ ಕಾರ್ಡು ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಒಂದೇ ಕೇಬಲ್ ಕಿತ್ತರೆ ಬ್ಲೇಡು ಹೊರಗೆ ಬರುತ್ತದೆ, ಪಕ್ಕದ ಬೋರ್ಡಿಗೆ ಅದರ ಸುಳಿವೂ ಇರುವುದಿಲ್ಲ. ನಾನು ಕೊಂಡ ಸ್ವಿಚ್ಚಿನಲ್ಲಿ ಪೋರ್ಟುಗಳನ್ನು ದೂರದಿಂದಲೇ ಆರಿಸಿ ಹೊತ್ತಿಸುವ ಸೌಲಭ್ಯವಿರುವುದರಿಂದ, ಹ್ಯಾಂಗ್ ಆದ ಬೋರ್ಡನ್ನು ಕಾಲೇಜಿನಲ್ಲಿ ಕುಳಿತೇ ಎಬ್ಬಿಸಬಹುದು. ಎರಡು ಕೊರತೆಗಳಿವೆ. ಎಸ್‌ಎಂಪಿಎಸ್, ತಂತಿ, ಫ್ಯೂಸು ಸೇರಿ ಸುಮಾರು 1,800 ರೂಪಾಯಿಗೆ ಮುಗಿದಿದ್ದ ಕೆಲಸಕ್ಕೆ ಇಲ್ಲಿ 14,000 ರೂಪಾಯಿಯಷ್ಟು ಖರ್ಚಾಯಿತು. ಜೊತೆಗೆ ಕಾರ್ಡುಗಳು ತಾವೂ ಬಿಸಿಯಾಗುತ್ತವೆ. ಆದರೂ ನಾನು ಉಳಿಸಿಕೊಂಡಿರುವುದು ಇದನ್ನೇ.

ಬಿಸಿಯ ವಿಷಯ ದಾವಣಗೆರೆಯಂಥ ಊರಿನಲ್ಲಿ ಹಗುರವಾಗಿ ಬಿಡುವಂಥದ್ದಲ್ಲ. ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆ ಏಪ್ರಿಲ್ ಮಧ್ಯಾಹ್ನ 37 ಡಿಗ್ರಿಗೆ ಏರುತ್ತದೆ, ಪೈ 4 ತನ್ನ ಚಿಪ್ 80 ಡಿಗ್ರಿ ಮುಟ್ಟಿದಾಗ ವೇಗ ತಗ್ಗಿಸುತ್ತದೆ. ಬೋರ್ಡಿಗೊಂದರಂತೆ ಇಟ್ಟಿದ್ದ ಪುಟಾಣಿ ಫ್ಯಾನುಗಳು ಸದ್ದು ಮಾಡಿದಷ್ಟು ಗಾಳಿ ಕೊಡಲಿಲ್ಲ, ಪೂರ್ತಿ ಹೊರೆ ಹಾಕಿದಾಗ 80 ದಾಟಿತು. ಬೋರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಊದುವ 120 ಮಿಲಿಮೀಟರಿನ ಎರಡು ಫ್ಯಾನುಗಳನ್ನು ಚೌಕಟ್ಟಿನ ತಳದಲ್ಲಿ ಕೂರಿಸಿದ ಮೇಲೆ ಅದೇ ಹೊರೆಯಲ್ಲಿ 62ರ ಆಸುಪಾಸಿನಲ್ಲಿ ನಿಂತಿತು. ಗಾಳಿ ಒಳಗೆ ಬರುವ ಕಡೆ ಹಳೆಯ ಸೊಳ್ಳೆಪರದೆಯ ತುಂಡನ್ನು ಎರಡು ಪದರ ಬಿಗಿದಿದ್ದೇನೆ. ಮಂಡಕ್ಕಿ ಭಟ್ಟಿಗಳಿರುವ ಊರಿನಲ್ಲಿ ಹೊಟ್ಟಿನ ಬೂದಿ ಎಷ್ಟು ನಯವಾದದ್ದು, ಎಲ್ಲೆಲ್ಲಿ ನುಗ್ಗುತ್ತದೆ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ; ತಿಂಗಳಿಗೊಮ್ಮೆ ಆ ಪರದೆಯನ್ನು ತೊಳೆಯುತ್ತೇನೆ.

ಚೌಕಟ್ಟಿಗೆ ಮೊದಲು ಬಳಸಿದ ಅಕ್ರಿಲಿಕ್ ಹಾಳೆ ತಿರುಪಿನ ತೂತುಗಳಲ್ಲಿ ಸೀಳಿತು. ಸ್ಲೈಡಿಂಗ್ ಕಿಟಕಿಗೆ ಬಳಸುವ ಅಲ್ಯೂಮಿನಿಯಂ ಸೆಕ್ಷನ್ನಿನ ತುಂಡುಗಳು ಬ್ಲೇಡು ಜಾರುವ ಹಳಿಗಳಾಗಿ ಬಹಳ ಚೆನ್ನಾಗಿ ಒದಗಿದವು. ಪೈ ಬೋರ್ಡಿನ ಅಂಚಿನಿಂದ ಕನೆಕ್ಟರುಗಳು ಹೊರಚಾಚಿರುವುದರಿಂದ ಬೋರ್ಡನ್ನೇ ನೇರವಾಗಿ ಹಳಿಯಲ್ಲಿ ಜಾರಿಸಲಾಗದು. ತೆಳುವಾದ ಪ್ಲೈವುಡ್ ಹಲಗೆಗೆ 58 ಗುಣಿಸು 49 ಮಿಲಿಮೀಟರಿನ ಅಳತೆಯಲ್ಲಿ ನಾಲ್ಕು ತೂತು ಕೊರೆದು, ನೈಲಾನಿನ ಪುಟ್ಟ ಕಂಬಗಳ ಮೇಲೆ ಬೋರ್ಡನ್ನು ಕೂರಿಸಬೇಕು.

ಹಳೆಯ ಪುಟ್ಟ ಡೆಸ್ಕ್‌ಟಾಪ್‌ಗಳು ಕೆಲಸದಲ್ಲಿ ಪೈಗಿಂತ ಬಹಳ ಮುಂದಿವೆ. ಏಳನೆಯ ತಲೆಮಾರಿನ, 35 ವ್ಯಾಟಿನ ಇಂಟೆಲ್ ಐ5 ಚಿಪ್ಪು ಇರುವ ಯಂತ್ರದಲ್ಲಿ, ಪೈ 41 ನಿಮಿಷ ತೆಗೆದುಕೊಂಡ ಕಂಪೈಲ್ ಕೆಲಸ (ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದು) 12 ನಿಮಿಷಕ್ಕೆ ಮುಗಿಯಿತು. ಮೆಮೊರಿಯನ್ನೂ ಬೇಕೆಂದಾಗ ಹೆಚ್ಚಿಸಬಹುದು; ಪೈಯಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತದೆ. ಬ್ಲೇಡು ಆಗುವುದರಲ್ಲಿ ಮಾತ್ರ ಅವು ಸೋಲುತ್ತವೆ. ಪ್ರತಿಯೊಂದಕ್ಕೂ 20 ವೋಲ್ಟಿನ ಇಟ್ಟಿಗೆಯಂಥ ಅಡಾಪ್ಟರು ಬೇಕು. ನಿಲ್ಲಿಸಿದಾಗ ಅವುಗಳ ಎತ್ತರ ಸುಮಾರು 179 ಮಿಲಿಮೀಟರ್. ಸರ್ವರ್ ರ‍್ಯಾಕಿನ ಎತ್ತರವನ್ನು ಅಳೆಯುವ ಒಂದು ಯೂನಿಟ್ 44.45 ಮಿಲಿಮೀಟರ್ ಆದ್ದರಿಂದ ನಾಲ್ಕು ಯೂನಿಟ್‌ಗೆ 177.8 ಆಗುತ್ತದೆ, ಸುಮಾರು 1.2 ಮಿಲಿಮೀಟರಿನ ಸಲುವಾಗಿ ಐದನೆಯ ಯೂನಿಟ್ಟನ್ನೂ ಬಿಟ್ಟುಕೊಡಬೇಕಾಗುತ್ತದೆ.

ಆದ್ದರಿಂದ ಒಂದು ಡೆಸ್ಕ್‌ಟಾಪನ್ನು ಚೌಕಟ್ಟಿನ ಹೊರಗೆ ಕಡತಗಳ ಯಂತ್ರವಾಗಿ ಇಟ್ಟು, ನಾಲ್ಕೂ ಪೈಗಳು ಅದರಿಂದಲೇ ಜಾಲದ ಮೂಲಕ ಬೂಟ್ ಆಗುವಂತೆ, ಅಂದರೆ ಶುರುವಾಗುವಂತೆ ಮಾಡಿದ್ದೇನೆ. ಮೊದಲು ಪೈಗಳು ಮೆಮೊರಿ ಕಾರ್ಡುಗಳಿಂದ ಬೂಟ್ ಆಗುತ್ತಿದ್ದಾಗ, ಕರೆಂಟು ಹೋಗಿ ಬಂದ ಒಂದು ಸಂಜೆ ಎರಡು ಕಾರ್ಡುಗಳು ಒಟ್ಟಿಗೆ ಕೆಟ್ಟಿದ್ದವು. ಎಸ್‌ಎಸ್‌ಡಿಗಳು ಗಟ್ಟಿ, ಆದರೆ ಪ್ರತಿ ಬ್ಲೇಡಿನಿಂದಲೂ ಒಂದೊಂದು ಕೇಬಲ್ ನೇತಾಡುತ್ತಿತ್ತು. ಈಗ ಬ್ಲೇಡಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ಹೊಸ ಬೋರ್ಡು ಹಾಕಿದಾಗ ಅದರ ಸೀರಿಯಲ್ ಸಂಖ್ಯೆಯ ಹೆಸರಿನಲ್ಲಿ ಒಂದು ಫೋಲ್ಡರು ಮಾಡಿದರೆ ಮುಗಿಯಿತು. ಕಡತಗಳ ಯಂತ್ರ ನಿಂತರೆ ಎಲ್ಲವೂ ನಿಲ್ಲುತ್ತದೆ ಎಂಬ ಅಪಾಯವನ್ನು ಒಪ್ಪಿಕೊಂಡೇ ಅದನ್ನೂ ಸ್ವಿಚ್ಚನ್ನೂ ಯುಪಿಎಸ್‌ಗೆ ಜೋಡಿಸಿದ್ದೇನೆ, ಎರಡನೆಯ ಡೆಸ್ಕ್‌ಟಾಪಿನಲ್ಲಿ ಪ್ರತಿ ರಾತ್ರಿ ಕಡತಗಳ ನಕಲು ಇಳಿಯುತ್ತದೆ.

2023ರಲ್ಲಿ ಬಂದ ಪೈ 5 ಹಾಕಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅದಕ್ಕೆ ಹೇಳಿರುವ ಅಡಾಪ್ಟರು 5 ವೋಲ್ಟಿಗೆ 5 ಆಂಪಿಯರಿನದು, ಅಂದರೆ 25 ವ್ಯಾಟ್. ಅಷ್ಟನ್ನು ನನ್ನ ಸ್ವಿಚ್ಚು ಕೊಡಲಾರದು. ಪೋರ್ಟಿಗೆ 30 ವ್ಯಾಟ್ ಕೊಡುವ 802.3ಎಟಿ ಸ್ವಿಚ್ಚನ್ನು ಕೊಳ್ಳುವವರೆಗೆ ಈ ನಾಲ್ಕು ಬ್ಲೇಡುಗಳೇ ಮುಂದುವರಿಯುತ್ತವೆ.