ಸೈಕಾಲಜಿ ಓದೋಕೆ ವಿಡಿಯೋ ಪಾಠವಾ, ಎಕ್ಸ್‌ಟೆನ್ಷನ್ ಕೋರ್ಸಾ, ಕಮ್ಯುನಿಟಿ ಕಾಲೇಜಾ?

ಕ್ಯಾಲಿಫೋರ್ನಿಯಾಗೆ ಬಂದು ಸೈಕಾಲಜಿ ಓದಬೇಕು ಅನ್ನುವ ಗೆಳತಿಯರಿಗೆಲ್ಲ ನಾನು ಹೇಳುವುದು ಒಂದೇ: ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿಗೆ ಸೇರಿ. ನಾನು ಬೆಂಗಳೂರಲ್ಲಿ ಬಿ.ಕಾಂ. ಮಾಡಿದವಳು. ಇಲ್ಲಿ ಕೌನ್ಸೆಲಿಂಗ್ ಎಂ.ಎ.ಗೆ ಅರ್ಜಿ ಹಾಕಲು ಸೈಕಾಲಜಿಯ ಕೆಲವು ಮೂಲ ಕೋರ್ಸುಗಳು ಬೇಕಿದ್ದವು. ಮೂರು ದಾರಿಯನ್ನೂ ನೋಡಿದ್ದೇನೆ.

ಸೈಕಾಲಜಿ ಪ್ರೊಫೆಸರ್ ಪಾಲ್ ಬ್ಲೂಮ್ ಯೇಲ್ ಯೂನಿವರ್ಸಿಟಿಯಲ್ಲಿದ್ದಾಗ ಮಾಡಿದ ಉಚಿತ ವಿಡಿಯೋ ಪಾಠಗಳು ತುಂಬಾ ಚೆನ್ನಾಗಿವೆ. ಅಡುಗೆ ಮಾಡ್ತಾನೇ ಕೇಳಬಹುದು. ಆದರೆ ಕ್ರೆಡಿಟ್ ಸಿಗಲ್ಲ, ಅಂದರೆ ಎಂ.ಎ. ಅರ್ಜಿಗೆ ಲೆಕ್ಕಕ್ಕೆ ಬರಲ್ಲ.

ಎಕ್ಸ್‌ಟೆನ್ಷನ್‌ ಅಂದರೆ ಯೂನಿವರ್ಸಿಟಿಗಳು ಹೊರಗಿನವರಿಗಾಗಿ ನಡೆಸುವ ಬಿಡಿ ಕೋರ್ಸುಗಳು. ಅಲ್ಲಿ ಮೇಷ್ಟ್ರು ಒಳ್ಳೆಯವರು, ಫೀಸು ಜಾಸ್ತಿ. ಒಂದು ಕೋರ್ಸಿಗೇ ಸಾಕಾಯಿತು.

ಕಮ್ಯುನಿಟಿ ಕಾಲೇಜಿನಲ್ಲಿ ಈ ರಾಜ್ಯದ ನಿವಾಸಿಗೆ ಯೂನಿಟ್‌ಗೆ (ಕ್ರೆಡಿಟ್ ಎಣಿಸುವ ಲೆಕ್ಕ) 46 ಡಾಲರ್. 3 ಯೂನಿಟ್‌ನ ಕೋರ್ಸಿಗೆ 138. ನಮ್ಮ ಪಠ್ಯ, ಆನ್‌ಲೈನ್‌ನಲ್ಲಿ ಪಠ್ಯಪುಸ್ತಕ ಕೊಡುವ ಓಪನ್‌ಸ್ಟ್ಯಾಕ್ಸ್‌ನದು, ಅದೂ ಉಚಿತ. ರಾಜ್ಯಕ್ಕೆ ಬಂದು ಒಂದು ವರ್ಷ ಆಗಿರದಿದ್ದರೆ ಮಾತ್ರ ಫೀಸು ಹಲವು ಪಟ್ಟು, ಅದನ್ನು ಮೊದಲು ವಿಚಾರಿಸಿ.

ನನಗೆ ಫೀಸಿಗಿಂತ ಮುಖ್ಯವಾದದ್ದು ಕ್ಲಾಸು. ಸ್ಟಾನ್‌ಫರ್ಡ್‌ನ ಮಾರ್ಷ್‌ಮ್ಯಾಲೋ ಪ್ರಯೋಗ ಗೊತ್ತಲ್ವಾ? ಎದುರಿಗಿಟ್ಟ ಸಿಹಿಯನ್ನು ಈಗಲೇ ತಿನ್ನದೆ ಸ್ವಲ್ಪ ಹೊತ್ತು ಕಾದರೆ ಎರಡು ಕೊಡ್ತೀವಿ ಅಂತ ಪುಟ್ಟ ಮಕ್ಕಳಿಗೆ ಹೇಳಿ ನೋಡಿದ್ದು; ತಿನ್ನದೆ ಕಾದ ಮಕ್ಕಳು ಮುಂದೆ ಹೆಚ್ಚು ಸಾಧಿಸುತ್ತಾರೆ ಅನ್ನೋದು. ಮೇಡಂ ನಮ್ಮಿಂದ 2018ರ ಮರುಅಧ್ಯಯನವನ್ನೂ ಓದಿಸಿದರು. ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿದರೆ ಆ ನಂಟು ಬಹಳ ತೆಳುವಾಗುತ್ತದೆ. ನೈಟ್ ಶಿಫ್ಟ್ ಮುಗಿಸಿ ಬರುವ ಹುಡುಗಿಯೊಬ್ಬಳು ಕೇಳಿದಳು: "ನಾಳೆ ಊಟ ಇರುತ್ತೋ ಇಲ್ಲವೋ ಅನ್ನೋ ಮನೆಯ ಮಗು ಯಾಕೆ ಕಾಯಬೇಕು?" ಇಂಥ ಮಾತು ವಿಡಿಯೋದಲ್ಲಿ ಸಿಗಲ್ಲ.

ಕಾಟ ಕೊಟ್ಟದ್ದು ಸ್ಟಾಟಿಸ್ಟಿಕ್ಸ್. ರಿಸರ್ಚ್ ಮೆಥಡ್ಸ್ ತಗೊಳ್ಳೋಕೆ ಮುಂಚೆ ಅದು ಆಗಿರಬೇಕು. ಬಿ.ಕಾಂ.ನಲ್ಲಿ ಓದಿದ್ದೆ, ಮಾರ್ಕ್ಸ್ ಕಾರ್ಡ್ ತೋರಿಸಿದೆ. ಆಗಲ್ಲ ಅಂದರು. ವಿದೇಶದ ಓದನ್ನು ಪರಿಶೀಲಿಸುವ ಏಜೆನ್ಸಿಯ ವರದಿ ಬೇಕಂತೆ. ಆ ಏಜೆನ್ಸಿಗೋ, ಯೂನಿವರ್ಸಿಟಿಯೇ ಸೀಲ್ ಮಾಡಿ ಕಳಿಸಿದ ಟ್ರಾನ್ಸ್‌ಕ್ರಿಪ್ಟ್ ಬೇಕು.

ಊರಲ್ಲಿ ನನ್ನ ತಮ್ಮ ರಜೆ ಹಾಕಿ ಯೂನಿವರ್ಸಿಟಿ ಆಫೀಸಿಗೆ ಅಲೆದ. ಚಲನ್ ಕಟ್ಟಿದ, ಮತ್ತೆ ಬನ್ನಿ ಅನ್ನಿಸಿಕೊಂಡ. ವರದಿ ಬರುವ ಹೊತ್ತಿಗೆ ರಿಜಿಸ್ಟ್ರೇಶನ್ ಮುಗಿದಿತ್ತು. ಆಮೇಲೆ ಕಾಲೇಜಿನವರು, ಹೈಪಾಥಿಸಿಸ್ ಟೆಸ್ಟಿಂಗ್ (ಊಹೆಯೊಂದನ್ನು ಅಂಕಿಅಂಶದಿಂದ ಪರೀಕ್ಷಿಸುವುದು) ಕಲಿತಿದ್ದೀರಾ, ಸಿಲಬಸ್ ಕೊಡಿ ಅಂದರು. ಅಷ್ಟು ಹಳೇ ಸಿಲಬಸ್ ಎಲ್ಲಿಂದ ತರೋದು? ಕೊನೆಗೆ 184 ಡಾಲರ್ ಕಟ್ಟಿ 4 ಯೂನಿಟ್‌ನ ಸ್ಟಾಟಿಸ್ಟಿಕ್ಸ್ ಮತ್ತೆ ಓದಿದೆ. ಊರಿಗೆ ಹೋದಾಗಲೇ ಯೂನಿವರ್ಸಿಟಿಯಿಂದ ಸೀಲ್ ಮಾಡಿದ ಟ್ರಾನ್ಸ್‌ಕ್ರಿಪ್ಟ್ ಏಜೆನ್ಸಿಗೆ ಕಳಿಸುವ ಏರ್ಪಾಡು ಮಾಡಿ, ಸಿಲಬಸ್ ತನ್ನಿ. ಆಗದಿದ್ದರೆ ಏಜೆನ್ಸಿ ಗೋಜೇ ಬೇಡ, ನೇರವಾಗಿ ಕ್ಲಾಸಿಗೆ ಸೇರಿ.

ಪೂರ್ತಿ ಡಿಗ್ರಿ ಬೇಕಾದವರಿಗೆ ಕಮ್ಯುನಿಟಿ ಕಾಲೇಜಿನಲ್ಲೇ 60 ಯೂನಿಟ್‌ನ ಟ್ರಾನ್ಸ್‌ಫರ್ ಡಿಗ್ರಿ ಇದೆ, ಉಳಿದ ಓದನ್ನು ಯೂನಿವರ್ಸಿಟಿಯಲ್ಲಿ ಮುಂದುವರಿಸಬಹುದು. ಅದು ಮುಗಿದರೆ ಕ್ಯಾಲ್ ಸ್ಟೇಟ್ ಅನ್ನುವ ಈ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳ ವ್ಯವಸ್ಥೆಯಲ್ಲಿ ಸೀಟು ಖಾತ್ರಿ, ಇಂಥದ್ದೇ ಕ್ಯಾಂಪಸ್ ಅಂತ ಖಾತ್ರಿ ಇಲ್ಲ.



ನನಗೆ ಚಿಕ್ಕ ಮಗು ಇದೆ, ಮನೆಗೆ ಒಂದೇ ಸಂಬಳ. ಹಾಗಾಗಿ ಸೆಮಿಸ್ಟರ್‌ಗೆ ಒಂದೇ ಕೋರ್ಸು, ಸಂಜೆ ಹೊತ್ತು, ಕ್ಯಾಂಪಸ್‌ಗೆ ಹೋಗಿಯೇ. ಆನ್‌ಲೈನ್ ಸೆಕ್ಷನ್ ಇದ್ದರೂ ಬೇಡ ಅಂದಿದ್ದೇನೆ. ಮುಂದಿನ ಫಾಲ್ ಸೆಮಿಸ್ಟರ್‌ಗೆ ಅಬ್‌ನಾರ್ಮಲ್ ಸೈಕಾಲಜಿ (ಮನೋರೋಗಗಳ ಬಗೆಗಿನ ಕೋರ್ಸು) ಹಾಕಿಕೊಂಡಿದ್ದೇನೆ.